‘ಈಗ ಹಾರುವುದಿಲ್ಲ’ ಅನ್ನುವುದೂ ಪೈಲಟ್ ಕೆಲಸವೇ

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮೇಷ್ಟ್ರು. ಎರಡು ವರ್ಷದ ಹಿಂದೆ ನಮ್ಮ ಅಣ್ಣನಿಗೆ ಬೈಕ್ ಅಪಘಾತವಾಗಿ ತಲೆಗೆ ಪೆಟ್ಟಾಯಿತು. ಹೈದರಾಬಾದ್‌ಗೆ ಕರೆದೊಯ್ಯುವಾಗ ದಾರಿಯಲ್ಲೇ ತೀರಿಕೊಂಡರು. ಆವತ್ತಿನಿಂದ ನನ್ನ ಮಗಳು, ರೋಗಿಗಳನ್ನು ಸಾಗಿಸುವ ಹೆಲಿಕಾಪ್ಟರ್‌ಗೆ ಪೈಲಟ್ ಆಗುತ್ತೇನೆ ಅನ್ನುತ್ತಿದ್ದಾಳೆ. ಈಗ ದ್ವಿತೀಯ ಪಿಯುಸಿ, ಪಿಸಿಎಂಬಿ. ಆ ಕೆಲಸ ನಿಜಕ್ಕೂ ಹೇಗಿರುತ್ತದೆ? ನಮ್ಮಂಥವರ ಮನೆ ಹೆಣ್ಣುಮಗಳಿಗೆ ಅದು ಸಾಧ್ಯವಾ? ನಮ್ಮ ಕಡೆ ಅಂಥ ಹೆಲಿಕಾಪ್ಟರ್ ಇದ್ದಿದ್ದರೆ ಅಣ್ಣ ಉಳಿಯುತ್ತಿದ್ದನಾ?

ಉತ್ತರ: ಮೇಷ್ಟ್ರೇ, ನಿಮ್ಮ ಅಣ್ಣನವರ ವಿಷಯ ಓದಿ ಬಹಳ ಬೇಜಾರಾಯಿತು. ನಿಮ್ಮ ಕೊನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಸುಮ್ನೆ ಹೌದು, ಇಲ್ಲ ಅಂತ ಹೇಳಲು ಆಗುವುದಿಲ್ಲ.

ನಾನು ಬಳ್ಳಾರಿಯಲ್ಲಿ ಬೆಳೆದವನು. ವಾಯುಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸಿದೆ. ನಿವೃತ್ತಿಯ ನಂತರ ಖಾಸಗಿ ಕಂಪನಿಯಲ್ಲಿ ರೋಗಿಗಳನ್ನು ಸಾಗಿಸಿದೆ. ಈಗ ಹಾರುವುದು ಬಿಟ್ಟು ಊರಿಗೆ ಬಂದಿದ್ದೇನೆ. ನಿಮ್ಮ ಮಗಳಂಥ ಮಕ್ಕಳು ನನ್ನನ್ನು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಜನರ ಪ್ರಾಣ ಉಳಿಸಿದ್ದೀರಿ ಸರ್?’ ನನ್ನ ಹತ್ತಿರ ಆ ಲೆಕ್ಕ ಇಲ್ಲ. ಇಟ್ಟುಕೊಳ್ಳಬಾರದು ಅಂತಲೇ ಇಟ್ಟುಕೊಳ್ಳಲಿಲ್ಲ. ಅದು ಯಾಕೆ ಅನ್ನುವುದರಲ್ಲೇ ಈ ಕೆಲಸದ ತಿರುಳಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕರೆ ಬಂದಾಗ ಪೈಲಟ್‌ಗೆ ಹೇಳುವುದು ಮೂರೇ ವಿಷಯ. ಎಲ್ಲಿಂದ ಎತ್ತಬೇಕು, ಎಲ್ಲಿಗೆ ಒಯ್ಯಬೇಕು, ಒಟ್ಟು ತೂಕ ಎಷ್ಟು. ರೋಗಿ ಮಗುವೋ ಮುದುಕರೋ, ಸುಟ್ಟ ಗಾಯವೋ ಹೆರಿಗೆಯೋ, ಇದನ್ನು ಹೇಳುವುದಿಲ್ಲ. ಒಳ್ಳೆಯ ಸಂಸ್ಥೆಗಳಲ್ಲಿ ಇದು ನಿಯಮ. ನಾಲ್ಕು ವರ್ಷದ ಮಗು ಅಂತ ಗೊತ್ತಾದ ಕೂಡಲೇ ಎದುರಿಗಿರುವ ಮೋಡ ಸ್ವಲ್ಪ ತೆಳ್ಳಗೆ ಕಾಣಲು ಶುರುವಾಗುತ್ತದೆ. ‘ನೋಡೋಣ, ಆಗಬಹುದು’ ಅಂತ ಮನಸ್ಸು ಹೇಳುತ್ತದೆ. ಮೋಡ ಮಾತ್ರ ಇದ್ದ ಹಾಗೇ ಇರುತ್ತದೆ. ಈ ಪಾಠವನ್ನು ಜಗತ್ತು ಹೆಣಗಳನ್ನು ಎಣಿಸಿ ಕಲಿತಿದೆ. ಅಮೆರಿಕದಲ್ಲಿ 2008ನೇ ಇಸವಿ ವೈದ್ಯಕೀಯ ಹೆಲಿಕಾಪ್ಟರ್‌ಗಳಿಗೆ ಬಹಳ ಕೆಟ್ಟ ವರ್ಷ. ಒಂದರ ಹಿಂದೆ ಒಂದು ಬಿದ್ದವು. 2009ರ ಫೆಬ್ರವರಿಯಲ್ಲಿ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ನಾಲ್ಕು ದಿನ ವಿಚಾರಣೆ ನಡೆಸಿತು. ರಾತ್ರಿ ಹಾರಾಟ, ಕೆಟ್ಟ ಹವಾಮಾನ, ‘ಹೋಗಲೇಬೇಕು’ ಅನ್ನುವ ಒತ್ತಡ, ಈ ಮಾತುಗಳೇ ಅಲ್ಲಿ ಮತ್ತೆ ಮತ್ತೆ ಬಂದವು. ಒಬ್ಬ ರೋಗಿಯನ್ನು ಉಳಿಸಲು ಹೋಗಿ ಪೈಲಟ್, ಡಾಕ್ಟರ್, ನರ್ಸ್ ಮೂವರೂ ಹೋದರೆ ಅದು ಯಾವ ಲೆಕ್ಕ?

ನನ್ನದೇ ಒಂದು ಅನುಭವ ಹೇಳುತ್ತೇನೆ. ಮೇ ತಿಂಗಳು, ಸಂಜೆ ನಾಲ್ಕೂವರೆ. ಕೊಪ್ಪಳ ಜಿಲ್ಲೆಯ ಒಂದು ಊರಿನಿಂದ ರೋಗಿಯನ್ನು ಎತ್ತಬೇಕಿತ್ತು. ನಾವು ಹೊರಟಾಗ ಆಕಾಶ ಸ್ವಚ್ಛವಾಗಿತ್ತು. ಅರ್ಧ ದಾರಿ ಹೋಗುವಷ್ಟರಲ್ಲಿ ಪಶ್ಚಿಮಕ್ಕೆ ಅಡ್ಡಮಳೆಯ ಮೋಡ ಎದ್ದಿತು. ಅದರ ಬುಡದಲ್ಲಿ ಕೆಂಪು ಧೂಳಿನ ಗೋಡೆ. ಆ ಗೋಡೆ ನಮ್ಮ ಕಡೆಗೇ ಬರುತ್ತಿತ್ತು. ಕೆಳಗೆ ಹೊಲದಲ್ಲಿ ಜಾಲಿಗಿಡಗಳು ಒಂದೇ ಕಡೆ ಮಲಗಿದ್ದವು. ಇಳಿಯಬೇಕಾದ ಮೈದಾನಕ್ಕೆ ಇನ್ನು ಹನ್ನೆರಡು ನಿಮಿಷ. ಹಿಂದೆ ಕೂತಿದ್ದ ಡಾಕ್ಟರ್‌ಗೆ, ‘ನಾನು ತಿರುಗಿಸುತ್ತಿದ್ದೇನೆ’ ಅಂದೆ. ಅವರು, ‘ಸರಿ’ ಅಂದರು. ಅಷ್ಟೇ ಮಾತು. ನಮ್ಮಲ್ಲಿ ಹೋಗಬೇಕಾದರೆ ಎಲ್ಲರೂ ಒಪ್ಪಬೇಕು, ಬೇಡ ಅನ್ನಲು ಒಬ್ಬರು ಸಾಕು. ಬೇಡ ಅಂದವರನ್ನು ಯಾರೂ ಯಾಕೆ ಅಂತ ಕೇಳುವಂತಿಲ್ಲ.

ವಾಪಸ್ ಇಳಿದ ಮೇಲೆ ಯಾರೋ ನನ್ನ ಕೈಗೆ ಫೋನ್ ಕೊಟ್ಟರು. ಕೊಡಬಾರದಿತ್ತು. ಆ ಕಡೆ ಒಬ್ಬ ಹುಡುಗ. ‘ಸಾಹೇಬ್ರ, ಇಲ್ಲಿ ಒಂದ ಹನಿ ಮಳಿ ಇಲ್ಲರಿ. ಬಿಸಲ ಐತಿ. ನಮ್ಮ ಅಕ್ಕ ಅದಾಳ್ರೀ, ಬರ್ರೀ ಯಪ್ಪಾ’ ಅಂದ. ಅವನು ಹೇಳಿದ್ದು ಸುಳ್ಳಲ್ಲ. ಅವನು ನಿಂತ ಜಾಗದಲ್ಲಿ ಆಗ ಬಿಸಿಲೇ ಇತ್ತು. ನಡುವೆ ಏನಿದೆ ಅನ್ನುವುದು ನನಗೆ ಮಾತ್ರ ಗೊತ್ತಿತ್ತು. ರೋಗಿ ಹೆಣ್ಣುಮಗಳು, ಒಬ್ಬ ತಮ್ಮನಿಗೆ ಅಕ್ಕ ಅಂತ ಆ ಒಂದು ಮಾತಿನಿಂದ ಗೊತ್ತಾಗಿಬಿಟ್ಟಿತು. ಆಕೆಯನ್ನು ರಸ್ತೆ ಮೇಲೆ ಆಂಬ್ಯುಲೆನ್ಸ್‌ನಲ್ಲಿ ಒಯ್ದರು. ಆಮೇಲೆ ಏನಾಯಿತು ಅಂತ ನಾನು ಕೇಳಲಿಲ್ಲ. ಆಕೆ ಉಳಿಯಲಿಲ್ಲ ಅಂತ ಗೊತ್ತಾಗಿದ್ದರೆ, ಮುಂದಿನ ಸಲ ಇಂಥದ್ದೇ ಮೋಡದ ಮುಂದೆ ನನ್ನ ಕೈ ತಪ್ಪು ಕೆಲಸ ಮಾಡುತ್ತಿತ್ತು. ಆ ಹುಡುಗನ ದನಿ ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಇನ್ನೊಂದು ತೊಂದರೆ ಇದೆ. ಒಂದು ಕಂಪನಿ ಬರುವುದಿಲ್ಲ ಅಂದರೆ ಮನೆಯವರು ಇನ್ನೊಂದಕ್ಕೆ ಫೋನ್ ಮಾಡುತ್ತಾರೆ. ಸಂಕಟದಲ್ಲಿರುವವರು ಯಾರೇ ಆದರೂ ಮಾಡುತ್ತಾರೆ, ತಪ್ಪಲ್ಲ. ಆದರೆ ಮೊದಲಿನವರು ಯಾಕೆ ಬೇಡ ಅಂದರು ಅನ್ನುವುದನ್ನು ಎರಡನೆಯವರಿಗೆ ಹೇಳುವುದಿಲ್ಲ. ಅದಕ್ಕೇ ಅನುಭವ ಇರುವವರು ಫೋನ್ ತೆಗೆದ ಕೂಡಲೇ, ‘ಇದಕ್ಕೆ ಮೊದಲು ಯಾರಾದರೂ ಬರುವುದಿಲ್ಲ ಅಂದಿದ್ದಾರಾ?’ ಅಂತ ಕೇಳುತ್ತಾರೆ.

ಈಗ ನಮ್ಮ ನೆಲದ ವಿಷಯ. ಯುರೋಪಿನ ಚಿತ್ರ ನೋಡಿ ಆಸೆಪಟ್ಟರೆ ಸಾಲದು. ಜರ್ಮನಿಯ ಮ್ಯೂನಿಕ್‌ನಲ್ಲಿ 1970ರ ನವೆಂಬರ್ 1ರಂದು ‘ಕ್ರಿಸ್ಟೋಫ್ 1’ ಅನ್ನುವ ಹೆಲಿಕಾಪ್ಟರ್ ಈ ಸೇವೆ ಶುರು ಮಾಡಿತು. ಅಲ್ಲಿನ ಗಾಳಿ ತಂಪು. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇದ್ದರೆ ಗಾಳಿ ಕಾದು ತೆಳುವಾಗುತ್ತದೆ. ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಎಂಜಿನ್‌ಗೂ ಉಸಿರು ಕಮ್ಮಿ. ನಮ್ಮ ಲೆಕ್ಕದಲ್ಲಿ ಹೆಲಿಕಾಪ್ಟರ್ ಆಗ ಸುಮಾರು 5,000 ಅಡಿಯಲ್ಲಿ ನಿಂತ ಹಾಗೆ. ಅಂದರೆ ಬಳ್ಳಾರಿ ಮೈದಾನದಲ್ಲಿ ನಿಂತಿದ್ದರೂ ನಂದಿಬೆಟ್ಟದ ತುದಿಗಿಂತ ಸ್ವಲ್ಪ ಮೇಲಿದ್ದಂತೆ. ಮುಂಜಾನೆ ಆರಾಮಾಗಿ ಎತ್ತುವ ತೂಕವನ್ನು ಮಧ್ಯಾಹ್ನ ಎರಡಕ್ಕೆ ಅದೇ ಯಂತ್ರ ಎತ್ತಲಾರದು. ಆಗ ಏನು ಕಮ್ಮಿ ಮಾಡುತ್ತೀರಿ? ಡಾಕ್ಟರ್ ಬೇಕು, ವೆಂಟಿಲೇಟರ್ ಬೇಕು, ಆಕ್ಸಿಜನ್ ಸಿಲಿಂಡರ್ ಬೇಕು. ಉಳಿಯುವುದು ಇಂಧನ. ಇಂಧನ ಕಮ್ಮಿ ಹಾಕಿದರೆ ದೂರ ಕಮ್ಮಿ. ಅದಕ್ಕೇ ರೋಗಿಯ ಜೊತೆ ಬರುತ್ತೇನೆ ಅನ್ನುವ ತಾಯಿಗೋ ಗಂಡನಿಗೋ ‘ಜಾಗ ಇಲ್ಲ’ ಅನ್ನಬೇಕಾಗುತ್ತದೆ. ನಿಜವಾಗಿ ಇಲ್ಲದಿರುವುದು ಜಾಗವಲ್ಲ, ಐವತ್ತು ಅರವತ್ತು ಕಿಲೋ ಎತ್ತುವ ಶಕ್ತಿ. ಮಗಳು ಫಿಸಿಕ್ಸ್‌ನಲ್ಲಿ ಗಾಳಿಯ ಸಾಂದ್ರತೆ ಓದುತ್ತಿದ್ದಾಳಲ್ಲ, ಆ ಪಾಠ ಇಲ್ಲಿ ದಿನಾ ಕೆಲಸಕ್ಕೆ ಬರುತ್ತದೆ.

ಬಿಸಿಲಿಗಿಂತ ನಾನು ಜಾಸ್ತಿ ಹೆದರಿದ್ದು ತಂತಿಗೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ತಂತಿಗಳ ಜಾಲವೇ ಇದೆ. ಶಕ್ತಿನಗರ, ಯರಮರಸ್, ಕುಡಿತಿನಿ ವಿದ್ಯುತ್ ಸ್ಥಾವರಗಳಿಂದ ಹೊರಡುವ ಹೈಟೆನ್ಷನ್ ಲೈನ್‌ಗಳು ಹೊಲದ ಮೇಲೆ ಹಾದು ಹೋಗುತ್ತವೆ. ಕುಕನೂರು, ಯಲಬುರ್ಗಾ ಕಡೆ ಗಾಳಿಯಂತ್ರಗಳು. ಕಾಲುವೆ ಉದ್ದಕ್ಕೂ ಪಂಪ್‌ಸೆಟ್‌ಗಳ ಲೈನು. ಮೇಲಿನಿಂದ ತಂತಿ ಕಾಣುವುದಿಲ್ಲ ಮೇಷ್ಟ್ರೇ, ಕಂಬ ಮಾತ್ರ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ಲೆಕ್ಕ. ದಾಟುವುದಿದ್ದರೆ ನಡುವೆ ದಾಟುವುದಿಲ್ಲ, ಟವರ್ ಮೇಲಿಂದಲೇ ದಾಟುತ್ತೇವೆ. ಟವರ್ ಕಣ್ಣಿಗೆ ಕಾಣುತ್ತದೆ, ಅದಕ್ಕಿಂತ ಎತ್ತರದಲ್ಲಿ ತಂತಿ ಇರುವುದು ಅಪರೂಪ. ಹೊಸ ಜಾಗದಲ್ಲಿ ಇಳಿಯುವ ಮುಂಚೆ ಮೇಲೆ ಒಂದು ಸುತ್ತು, ಕೆಳಗೆ ಇನ್ನೊಂದು ಸುತ್ತು. ‘ರೋಗಿ ಸಾಯ್ತಿದ್ದಾನೆ, ಇವರು ಮೇಲೆ ಸುತ್ತುತ್ತಾ ಕೂತಿದ್ದಾರೆ’ ಅಂತ ಕೆಳಗೆ ಜನ ಬೈಯುತ್ತಾರೆ. ಬೈಯಲಿ. ಆ ಎರಡು ನಿಮಿಷ ಕೊಡಲೇಬೇಕು.

ಇಳಿಯುವುದು ಇನ್ನೊಂದು ಕಥೆ. ರಾಯಚೂರು ಜಿಲ್ಲೆಯಲ್ಲಿ ಒಮ್ಮೆ ಶಾಲೆ ಮೈದಾನ ತೋರಿಸಿದ್ದರು. ಎರೆ ನೆಲ, ಬೇಸಿಗೆ. ಸುಣ್ಣದಲ್ಲಿ ದೊಡ್ಡ ವೃತ್ತ ಹಾಕಿ ಒಳಗೆ ‘ಎಚ್’ ಬರೆದಿದ್ದರು, ಚೆನ್ನಾಗಿತ್ತು. ಟ್ಯಾಂಕರ್ ನೀರು ಮಾತ್ರ ಹೊಡೆದಿರಲಿಲ್ಲ. ನೆಲಕ್ಕೆ ನಲವತ್ತು ಅಡಿ ಇರುವಾಗ ಧೂಳು ಎದ್ದು ಗಾಜಿನ ಮುಂದೆ ಎಲ್ಲ ಬೂದು ಬಣ್ಣ. ಸುಣ್ಣದ ಗೆರೆ ಮಾಯ. ಮೈದಾನದ ಅಂಚಿನಲ್ಲಿ ಹತ್ತಿ ರಾಶಿಗೆ ಹೊದಿಸಿದ್ದ ತಾಡಪಾಲು ಗಾಳಿಗೆ ಕಿತ್ತುಕೊಂಡು ಎದ್ದು ನಿಂತಿದ್ದು ಓರೆಗಣ್ಣಿಗೆ ಕಂಡಿತು. ಅದು ರೆಕ್ಕೆಗೆ ಸುತ್ತಿಕೊಂಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ತಕ್ಷಣ ಮೇಲೆತ್ತಿದೆ. ದೂರ ಹೋಗಿ, ಕೊಯ್ಲು ಮುಗಿದ ಭತ್ತದ ಗದ್ದೆಯಲ್ಲಿ, ಕೂಳೆ ಇದ್ದ ಗಟ್ಟಿ ನೆಲದಲ್ಲಿ ಇಳಿದೆ. ರೋಗಿಯನ್ನು ಅಲ್ಲಿಗೆ ಮಂಚದ ಮೇಲೆ ಹೊತ್ತು ತಂದರು. ಹೊತ್ತವರಲ್ಲಿ ಇಬ್ಬರು ಹಿಂಬಾಲದ ಕಡೆಯಿಂದ ಓಡಿಬರುತ್ತಿದ್ದರು. ಹಿಂದಿನ ಚಿಕ್ಕ ರೆಕ್ಕೆ ತಿರುಗುವಾಗ ಕಣ್ಣಿಗೆ ಕಾಣುವುದೇ ಇಲ್ಲ. ನಮ್ಮ ಪ್ಯಾರಾಮೆಡಿಕ್ ಹುಡುಗ ಎರಡೂ ಕೈ ಚಾಚಿ ಅಡ್ಡ ನಿಂತ. ಆವತ್ತು ಅವನು ಉಳಿಸಿದ ಇಬ್ಬರು ಆಸ್ಪತ್ರೆ ದಾಖಲೆಯಲ್ಲಿ ಇಲ್ಲ.

ಹಾರುವಾಗ ರೋಗಿಯ ಚಿಂತೆ ಪೂರಾ ಬಿಡಬೇಕು ಅಂತ ಅರ್ಥವಲ್ಲ. ಡಾಕ್ಟರ್ ಕಡೆಯಿಂದ ಒಂದೆರಡು ಮಾತು ಬರುತ್ತವೆ. ಎದೆಗೂಡಲ್ಲಿ ಗಾಳಿ ಸೋರಿ ಸಿಕ್ಕಿಕೊಂಡಿದ್ದರೆ, ಮೇಲಕ್ಕೆ ಹೋದ ಹಾಗೆ ಆ ಗಾಳಿ ಹಿಗ್ಗಿ ಶ್ವಾಸಕೋಶವನ್ನು ಅದುಮುತ್ತದೆ. ಆಗ ‘ಆದಷ್ಟು ಕೆಳಗೇ ಹಾರಿ’ ಅನ್ನುತ್ತಾರೆ. ಕೆಳಗೆ ಹಾರಿದರೆ ತಂತಿ, ಹದ್ದು, ಬಿಸಿಗಾಳಿಯ ಕುಲುಕಾಟ. ಎರಡನ್ನೂ ತೂಗಿ ಒಂದು ಎತ್ತರ ಹಿಡಿಯಬೇಕು. ತಲೆಗೆ, ಬೆನ್ನುಹುರಿಗೆ ಪೆಟ್ಟಾದವರಿದ್ದರೆ ತಿರುವು ಮೆಲ್ಲಗೆ ತೆಗೆದುಕೊಳ್ಳಬೇಕು. ನಾನು ಚಿಕ್ಕ ಕನ್ನಡಿಯಲ್ಲಿ ನೇತುಹಾಕಿದ ಸಲೈನ್ ಚೀಲ ನೋಡುತ್ತಿದ್ದೆ. ಅದು ನೆಟ್ಟಗೆ ತೂಗುತ್ತಿದ್ದರೆ ನನ್ನ ಕೈ ಸರಿ ಇದೆ ಅಂತ. ಹಿಂದಿನವರ ಮಾತು ಕೇಳದಂತೆ ಹೆಡ್‌ಸೆಟ್‌ನಲ್ಲಿ ಒಂದು ಸ್ವಿಚ್ ಇರುತ್ತದೆ. ಅಳು ಶುರುವಾದಾಗ ಅದನ್ನು ಹಾಕಿಕೊಳ್ಳುತ್ತಿದ್ದೆ. ಕಲ್ಲು ಮನಸ್ಸು ಅಂದುಕೊಳ್ಳಬೇಡಿ. ಆ ಅಳುವವರನ್ನೂ ನೆಲಕ್ಕೆ ಸುರಕ್ಷಿತವಾಗಿ ಇಳಿಸುವುದು ನನ್ನ ಕೆಲಸ.

ಉಳಿದ ಸಮಯವೆಲ್ಲ ಕಾಯುವುದು. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಯಂತ್ರದ ಸುತ್ತ ನಡೆಯಬೇಕು. ರೆಕ್ಕೆಯ ಅಂಚಿನ ಮೇಲೆ ಬೆರಳಾಡಿಸಿ ಬಿರುಕು, ಉಬ್ಬು ನೋಡಬೇಕು. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಜಾಡಿಗೆ ಬಿಟ್ಟು ಬೆಳಕಿಗೆ ಹಿಡಿಯುತ್ತೇವೆ. ನೀರು ಸೇರಿದ್ದರೆ ತಳದಲ್ಲಿ ಗುಳ್ಳೆಯ ಹಾಗೆ ಕೂತಿರುತ್ತದೆ. ಎಷ್ಟೇ ವರ್ಷದ ಅನುಭವ ಇದ್ದರೂ ಇದನ್ನು ದಿನಾ ಮಾಡಬೇಕು. ಆಮೇಲೆ ಹವಾಮಾನ ನೋಡಿ ಕೂತುಕೊಳ್ಳುವುದು. ಕರೆ ಬರದ ದಿನಗಳೇ ಜಾಸ್ತಿ. ಮಗಳಿಗೆ ಚಡಪಡಿಕೆ ಸ್ವಭಾವ ಇದ್ದರೆ ಇದನ್ನು ಈಗಲೇ ಹೇಳಿಬಿಡಿ.

ದಾರಿ ಹೇಗೆ ಅಂತ ಕೇಳಿದ್ದೀರಿ. ಎರಡು ದಾರಿ. ಒಂದು ಸೇನೆಯದು. ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಇರುವುದರಿಂದ ಎನ್‌ಡಿಎ, ಅಂದರೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆಯಬಹುದು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗಿರಬೇಕು. ಹೆಣ್ಣುಮಕ್ಕಳ ಮೊದಲ ತಂಡ 2022ರಲ್ಲಿ ಅಲ್ಲಿ ಸೇರಿತು. ಅದು ತಪ್ಪಿದರೆ ಡಿಗ್ರಿ ಮುಗಿಸಿ ಅಫ್‌ಕ್ಯಾಟ್, ಅಂದರೆ ವಾಯುಪಡೆಯ ಪ್ರವೇಶ ಪರೀಕ್ಷೆ. ಹಾರಾಟ ವಿಭಾಗಕ್ಕೆ 20ರಿಂದ 24 ವರ್ಷ. ಹೆಣ್ಣುಮಗಳಿಗೆ ಸಾಧ್ಯವಾ ಅಂದಿರಲ್ಲ, ವಾಯುಪಡೆಯಲ್ಲಿ 1994ರಿಂದಲೇ ಮಹಿಳಾ ಪೈಲಟ್‌ಗಳಿದ್ದಾರೆ. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ ಚೀತಾ ಹೆಲಿಕಾಪ್ಟರ್‌ನಲ್ಲಿ ಗಾಯಾಳುಗಳನ್ನು ಹೊತ್ತು ತಂದರು. ನಿಮ್ಮ ಮಗಳು ಕೇಳುತ್ತಿರುವುದು ಇದೇ ಕೆಲಸ, ಅಲ್ವಾ?

ಇನ್ನೊಂದು ಖಾಸಗಿ ದಾರಿ. ನಾಗರಿಕ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ಹೆಲಿಕಾಪ್ಟರ್ ಕಮರ್ಷಿಯಲ್ ಲೈಸೆನ್ಸ್‌ಗೆ 150 ಗಂಟೆ ಹಾರಾಟ ಬೇಕು. ಜೊತೆಗೆ ದಿಕ್ಕು ತಿಳಿಯುವುದು, ಹವಾಮಾನ, ಕಾನೂನು, ಯಂತ್ರ ಇವುಗಳ ಪರೀಕ್ಷೆ. ಪಾಸಾಗಲು ನೂರಕ್ಕೆ 70 ಬರಬೇಕು. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ರೋಟರಿ ವಿಂಗ್ ಅಕಾಡೆಮಿ ಇದೆ, ಅಲ್ಲಿ ಕಲಿಸುವುದು ಹೆಲಿಕಾಪ್ಟರ್. ಜಕ್ಕೂರಿನ ಸರ್ಕಾರಿ ಶಾಲೆ ಹಳೆಯದು, ಹೆಸರಿರುವುದು, ಆದರೆ ಅಲ್ಲಿ ಕಲಿಸುವುದು ವಿಮಾನ. ಹೆಲಿಕಾಪ್ಟರ್‌ನ ಒಂದು ಗಂಟೆಗೆ ಚಿಕ್ಕ ವಿಮಾನದ ಒಂದು ಗಂಟೆಗಿಂತ ಎಷ್ಟೋ ಜಾಸ್ತಿ ಖರ್ಚು. ಹತ್ತಾರು ಲಕ್ಷ ಸಾಲ ಮಾಡಿ ಲೈಸೆನ್ಸ್ ತೆಗೆದರೂ, 150 ಗಂಟೆ ಹಾರಿದವರ ಕೈಗೆ ರೋಗಿಯನ್ನು ಯಾರೂ ಕೊಡುವುದಿಲ್ಲ. ಕೊಡಲೂಬಾರದು. ಈ ಕೆಲಸಕ್ಕೆ ಸಾವಿರಾರು ಗಂಟೆ ಹಾರಿದವರು ಬೇಕು. ಆ ಗಂಟೆಗಳನ್ನು ಎಲ್ಲಿ ಸೇರಿಸುತ್ತಾಳೆ ಅನ್ನುವುದೇ ದೊಡ್ಡ ಪ್ರಶ್ನೆ. ಮೇಷ್ಟ್ರ ಸಂಬಳದ ಮನೆಗೆ ನಾನು ಸೇನೆಯ ದಾರಿಯನ್ನೇ ಹೇಳುತ್ತೇನೆ. ಹೊಲ ಅಡ ಇಟ್ಟು ಖಾಸಗಿ ಶಾಲೆಗೆ ಕಳಿಸಬೇಡಿ. ಯಾವುದೇ ದಾರಿ ಆದರೂ ದುಡ್ಡು ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ನಾಗರಿಕ ಲೈಸೆನ್ಸ್‌ಗೆ ಮೊದಲು ಕ್ಲಾಸ್ 2 ಅನ್ನುವ ವೈದ್ಯಕೀಯ ಪರೀಕ್ಷೆ, ಆಮೇಲೆ ಕ್ಲಾಸ್ 1. ಕನ್ನಡಕ ಇದ್ದರೆ ಎಲ್ಲ ಮುಗಿಯಿತು ಅಂತಲ್ಲ, ಆದರೆ ಸೇನೆಯ ನಿಯಮ ಬಿಗಿ. ಬಣ್ಣ ಗುರುತಿಸುವ ಪರೀಕ್ಷೆಯನ್ನು ಊರಿನ ಕಣ್ಣಿನ ಡಾಕ್ಟರ್ ಹತ್ತಿರವೇ ಮಾಡಿಸಬಹುದು.

ಈಗ ನಿಮ್ಮ ಕಷ್ಟದ ಪ್ರಶ್ನೆ. ನಿಮ್ಮ ಅಣ್ಣನವರ ಗಾಯ ಎಂಥದ್ದು ಅಂತ ಡಾಕ್ಟರ್ ಮಾತ್ರ ಹೇಳಬಲ್ಲರು. ಸಮಯದ ಲೆಕ್ಕ ನಾನು ಹೇಳಬಲ್ಲೆ. ಹೆಲಿಕಾಪ್ಟರ್ ಬೆಂಗಳೂರಿನಿಂದ ಬರಬೇಕು ಅಂತಿಟ್ಟುಕೊಳ್ಳಿ. ಅಲ್ಲಿಂದ ಸಿಂಧನೂರಿಗೆ ನೇರ ಗೆರೆಯಲ್ಲಿ 320 ಕಿಲೋಮೀಟರ್ ಆಸುಪಾಸು. ಗಂಟೆಗೆ 240ರಂತೆ ಹಾರಿದರೂ ಬರುವುದಕ್ಕೇ ಒಂದು ಗಂಟೆ ಇಪ್ಪತ್ತು ನಿಮಿಷ. ಅದಕ್ಕೆ ಮುಂಚೆ ದುಡ್ಡು, ಅನುಮತಿ, ಇಳಿಯುವ ಜಾಗ, ಇಂಧನ ಎಲ್ಲಿ ಅನ್ನುವ ಮಾತುಕತೆಗೆ ಕಮ್ಮಿ ಅಂದರೂ ಒಂದು ಗಂಟೆ. ರೋಗಿಯನ್ನು ಹತ್ತಿಸಲು ಇಪ್ಪತ್ತು ನಿಮಿಷ. ಹೈದರಾಬಾದ್‌ಗೆ ಇನ್ನೊಂದು ಗಂಟೆ ಮೇಲೆ. ಒಟ್ಟು ನಾಲ್ಕು ಗಂಟೆ ಹತ್ತಿರ ಹತ್ತಿರ. ಅದೂ ಹಗಲಾಗಿದ್ದರೆ. ಬೈಕ್ ಅಪಘಾತ ರಾತ್ರಿ ಎಂಟಕ್ಕೆ ಆದರೆ, ದೀಪ ಇಲ್ಲದ ಹಳ್ಳಿ ಮೈದಾನಕ್ಕೆ ಯಾರೂ ಬರುವುದಿಲ್ಲ, ಬರಲೂಬಾರದು.

ಹಾಗಾಗಿ ‘ಹೆಲಿಕಾಪ್ಟರ್ ತರಿಸಿದ್ದರೆ ಉಳಿಯುತ್ತಿದ್ದ, ನಾವು ತರಿಸಲಿಲ್ಲ’ ಅಂತ ನಿಮ್ಮ ಮನೆಯವರು ಯಾರೂ ಕೊರಗಬೇಡಿ. ಆ ಹೊತ್ತಿನಲ್ಲಿ ನಿಮ್ಮ ಕೈಯಲ್ಲಿ ಅಂಥ ದಾರಿ ಇರಲೇ ಇಲ್ಲ. ತಲೆಗೆ ಪೆಟ್ಟಾದವರಿಗೆ ಮೊದಲ ಅರ್ಧ ಗಂಟೆಯಲ್ಲಿ ಬೇಕಾಗುವುದು ಉಸಿರಿನ ದಾರಿ ಸರಿ ಇಡುವುದು, ಆಕ್ಸಿಜನ್ ಕೊಡುವುದು, ರಕ್ತದೊತ್ತಡ ಬೀಳದಂತೆ ನೋಡುವುದು. ಅದನ್ನು 108ರ ಸಿಬ್ಬಂದಿ ಮತ್ತು ತಾಲ್ಲೂಕು ಆಸ್ಪತ್ರೆ ಮಾಡಬೇಕು. ಹೆಲಿಕಾಪ್ಟರ್ ಬರುವುದು ಅದಾದ ಮೇಲೆ.

ಹಾಗಂತ ನಮಗೆ ಇದು ಬೇಡವೇ ಬೇಡ ಅನ್ನುವವನಲ್ಲ ನಾನು. ಯಂತ್ರ ಬಳ್ಳಾರಿಯಲ್ಲೋ ತೋರಣಗಲ್ಲಿನಲ್ಲೋ ನಿಂತಿದ್ದರೆ ಲೆಕ್ಕವೇ ಬೇರೆ. ಅಲ್ಲಿಂದ ಸಿಂಧನೂರು, ಕೊಪ್ಪಳ, ರಾಯಚೂರು ಯಾವುದೂ ಮುಕ್ಕಾಲು ಗಂಟೆ ದೂರ ಇಲ್ಲ. ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆಗಳನ್ನು ನೆನೆಸಿಕೊಳ್ಳಿ. ಬಸವಸಾಗರ ಅಣೆಕಟ್ಟಿನಿಂದ ನೀರು ಜಾಸ್ತಿ ಬಿಟ್ಟಾಗ ಅಲ್ಲಿಗೆ ಹೋಗುವ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಆಗ ಬಸುರಿಗೆ ನೋವು ಬಂದರೆ? 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹಂಪಿ ಎದುರಿನ ವಿರುಪಾಪುರಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಕೊಂಡಾಗ ವಾಯುಪಡೆ ಹೆಲಿಕಾಪ್ಟರ್ ಬಂದಿತ್ತು. ಪ್ರವಾಹಕ್ಕೆ ಬರುವ ಯಂತ್ರ ಹೆರಿಗೆಗೂ ಬರಬೇಕು ಅಂತ ಕೇಳುವುದು ತಪ್ಪಲ್ಲ. ಹೃಷಿಕೇಶದ ಏಮ್ಸ್‌ನಲ್ಲಿ 2024ರ ಅಕ್ಟೋಬರ್‌ನಲ್ಲಿ ಸರ್ಕಾರದ್ದೇ ಹೆಲಿ ಆಂಬ್ಯುಲೆನ್ಸ್ ಶುರುವಾಯಿತು. 2025ರ ಮೇ ತಿಂಗಳಲ್ಲಿ ಅದು ರೋಗಿಯನ್ನು ಕರೆತರಲು ಹೋಗಿ ಕೇದಾರನಾಥದಲ್ಲಿ ಇಳಿಯುವಾಗ ನೆಲಕ್ಕೆ ಬಡಿದು ಬಾಲ ಮುರಿಯಿತು. ಒಳಗಿದ್ದ ಮೂವರೂ ಬದುಕಿದರು. ಸೇವೆ ಬೇಕು ಅಂತ ಕೇಳುವಾಗ ಈ ಎರಡನೇ ಸುದ್ದಿಯನ್ನೂ ಮಗಳು ಓದಿರಬೇಕು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಈ ಭಾನುವಾರವೇ ಮಾಡಿ. ನಿಮ್ಮ ಶಾಲೆ ಮೈದಾನಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಮೂವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲದ ಗಟ್ಟಿ, ಸಮತಟ್ಟು ಜಾಗ ಎಲ್ಲಿದೆ ಅಂತ ಹೆಜ್ಜೆಯಲ್ಲಿ ಅಳೆಯಲಿ. ಸುತ್ತ ಯಾವ ಕಂಬದಿಂದ ಯಾವ ಕಂಬಕ್ಕೆ ತಂತಿ ಹೋಗಿದೆ ಅಂತ ಹಾಳೆಯ ಮೇಲೆ ಬರೆಯಲಿ. ಬೇಸಿಗೆಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಹುಲ್ಲಿನ ಬಣವೆ, ತಗಡಿನ ಶೀಟು ಎಲ್ಲಿವೆ ಅನ್ನುವುದನ್ನೂ ಗುರುತು ಮಾಡಲಿ. ಆ ಹಾಳೆಯ ಒಂದು ಪ್ರತಿ ಪಂಚಾಯಿತಿಯಲ್ಲಿ ಕೊಡಿ. ಇನ್ನೊಂದು ಪ್ರತಿಯನ್ನು ನನಗೆ ಕಳಿಸಿ. ಎಷ್ಟು ತಂತಿ ಬಿಟ್ಟುಹೋಗಿವೆ ಅಂತ ನಾನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.